ಎಂಟು ಬಕೆಟ್ ಕೆರೆ ನೀರು

ಕೆಲವರ ಜಾತಕದಲ್ಲಿ ವಿದೇಶಯೋಗ ಇರುತ್ತದೆ, ಕೆಲವರದರಲ್ಲಿ ವಾಹನಯೋಗ. ನನ್ನದರಲ್ಲಿ ಎರಡೂ ಇವೆ. ಜೊತೆಗೆ ಅವಮಾನಯೋಗ ಅಂತ ಇನ್ನೊಂದೂ ಇದ್ದಿರಬೇಕು. ಜೋಯಿಸರು ಅಮ್ಮನ ಮುಖ ನೋಡಿ ಅದೊಂದನ್ನು ಹೇಳದೆ ಬಿಟ್ಟಿದ್ದಾರೆ. ಇಲ್ಲದಿದ್ದರೆ ವರ್ಷಕ್ಕೆ ನಾಲ್ಕು ಸಲ ತಪ್ಪದೆ ನನಗೇ ಯಾಕೆ ಇಂಥವು ಒದಗಬೇಕು?

ನಾನು ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ, ಏರ್‌ಪೋರ್ಟಿಗೆ ಹತ್ತಿರದ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕೆಲಸ ಮಾಡುತ್ತೇನೆ. ಐದು ಜನರ ಪುಟ್ಟ ಟ್ರಾವೆಲ್ ಕಂಪನಿ. ಸ್ವೀಡನ್ನಿನಲ್ಲಿ ಡಾಲಾರ್ನಾ ಎಂಬ ಸೀಮೆ ಇದೆ. ಅಲ್ಲಿನ ಕಾಡಿನೊಳಗೆ, ಸರೋವರಗಳ ದಂಡೆಯ ಮೇಲೆ ಇರುವ ಮರದ ಮನೆಗಳನ್ನು ರಜೆಗೆ ಹೋಗುವವರಿಗೆ ಗೊತ್ತುಮಾಡಿಕೊಡುವುದು ನಮ್ಮ ಕಸುಬು. ನನ್ನ ಪಾಲಿನದು ಮಾಹಿತಿ. ದಾರಿ ಹೇಗೆ, ಅಂಗಡಿ ಎಷ್ಟು ದೂರ, ಕಾಡಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು, ಕರಡಿ ಎದುರಾದರೆ ಏನು ಗತಿ, ಹೀಗೆ ಫೋನಿನಲ್ಲಿ ಯಾರು ಏನು ಕೇಳಿದರೂ ಹೇಳಬೇಕು. ಹೇಳುತ್ತೇನೆ. ತೊಂದರೆ ಆಗಿರುವುದೇ ಅದರಿಂದ.

೧. ಚೆನ್ನಾಗಿ ಗೊತ್ತು

ಈ ಕೆಲಸದ ಇಂಟರ್‌ವ್ಯೂಗೆ ಹೋಗುವ ಹೊತ್ತಿಗೆ ನಾನು ಮೂರು ವರ್ಷ ಮನೆಯಲ್ಲಿ ಕೂತು ರೋಸಿಹೋಗಿದ್ದೆ. ಮೈಸೂರಿನಲ್ಲಿ ಹೋಟೆಲೊಂದರ ಟ್ರಾವೆಲ್ ಡೆಸ್ಕಿನಲ್ಲಿ ದರ್ಬಾರು ನಡೆಸಿದವಳು ನಾನು. ಇಲ್ಲಿಗೆ ಬಂದ ಮೇಲೆ ಅರ್ಜಿ ಹಾಕಿದ ಕಡೆಯಿಂದೆಲ್ಲಾ ಒಂದೇ ಉತ್ತರ, ನಿಮಗೆ ಇಲ್ಲಿಯ ಅನುಭವ ಸಾಲದು ಅಂತ. ಈ ಸಲ ಯಾವ ಪ್ರಶ್ನೆಗೂ ಇಲ್ಲ ಅನ್ನಕೂಡದು ಎಂದು ನಿಶ್ಚಯ ಮಾಡಿಕೊಂಡೇ ಮೆಟ್ಟಿಲು ಹತ್ತಿದೆ.

ನಮ್ಮ ಬಾಸು ಬರ್ಮಿಂಗ್‌ಹ್ಯಾಮ್ ಕಡೆಯವರು. ಮೆತ್ತಗಿನ ಮಾತಿನ, ಯಾರನ್ನೂ ಅನುಮಾನಿಸದ ಮನುಷ್ಯ. ಅದೇ ಮುಳುವಾಯಿತು.

"ನಿಮಗೆ ಡಾಲಾರ್ನಾ ಗೊತ್ತಾ?"

"ಚೆನ್ನಾಗಿ ಗೊತ್ತು."

"ಹೋಗಿದ್ದೀರಾ?"

"ಹೋಗಿದ್ದೀನಿ."

"ಬೇಸಿಗೆಯಲ್ಲೋ, ಚಳಿಗಾಲದಲ್ಲೋ?"

"ಎರಡರಲ್ಲೂ."

ಅವರ ಮುಖ ಅರಳಿತು. ಅಲ್ಲಿಯವರೆಗೆ ಬಂದಿದ್ದ ಅಭ್ಯರ್ಥಿಗಳೆಲ್ಲಾ ಹೋಗಿಲ್ಲ ಅಂತ ಪ್ರಾಮಾಣಿಕವಾಗಿ ಹೇಳಿ ವಾಪಸ್ಸು ಹೋಗಿದ್ದರಂತೆ. ಕೆಲಸ ಅಲ್ಲೇ ಕೊಟ್ಟರು.

ಮನೆಗೆ ಬಂದು ಯಜಮಾನರಿಗೆ ನಡೆದದ್ದೆಲ್ಲಾ ಹೇಳಿದೆ. ಅವರು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವರು. ಯಾವುದನ್ನೂ ಪರೀಕ್ಷೆ ಮಾಡದೆ ನಂಬುವುದಿಲ್ಲ. "ಅದು ಸರಿ, ಈ ಡಾಲಾರ್ನಾ ಇರೋದೆಲ್ಲಿ?" ಎಂದರು. ನಾನು ಬಾಯಿ ತೆರೆಯುವುದರೊಳಗೆ ಸೋಫಾ ಮೇಲೆ ಬಿದ್ದುಕೊಂಡಿದ್ದ ಮಗಳು ಫೋನಿನಿಂದ ತಲೆ ಎತ್ತದೆ, "ಇಟ್ಸ್ ಇನ್ ಸ್ವೀಡನ್, ಮಮ್" ಎಂದಳು.

ನಾನು ಆ ಕ್ಷಣದವರೆಗೂ ನಾರ್ವೆ ಎಂದುಕೊಂಡಿದ್ದೆ.

೨. ಯಾವ ಕೆಂಪು?

ಕೆಲಸಕ್ಕೆ ಸೇರಿದ ಮೇಲೆ ಹಗಲೂ ರಾತ್ರಿ ಓದಿದೆ. ಒಂದು ತಿಂಗಳಲ್ಲಿ ಆ ಸೀಮೆಯ ಹಕ್ಕಿಗಳ ಹೆಸರು, ಬಸ್ಸಿನ ವೇಳಾಪಟ್ಟಿ, ಯಾವ ಸರೋವರದಲ್ಲಿ ಯಾವ ಮೀನು, ಎಲ್ಲಾ ಬಾಯಿಪಾಠ. ಕಣ್ಣೆದುರು ಆ ಹಕ್ಕಿ ಬಂದು ಕೂತರೆ ಗುರುತು ಹಿಡಿಯಲಾರೆ, ಅದು ಬೇರೆ ಮಾತು.

ನನ್ನ ಮೊದಲ ಗಿರಾಕಿ ಲೀಡ್ಸಿನ ಒಬ್ಬ ನಿವೃತ್ತ ಮೇಷ್ಟ್ರು. ಆಗಲೇ ಎಪ್ಪತ್ತು ದಾಟಿದವರು. ಮಾತು ಮಾತಿಗೂ ಥ್ಯಾಂಕ್ಯೂ, ಮಾತು ಮಾತಿಗೂ ಸಾರಿ. ಹೆಂಡತಿಯ ಜೊತೆ ಕಾರಿನಲ್ಲಿ ಹೋಗುವವರಿದ್ದರು, ದಾರಿ ಕೇಳಿದರು. ಫೈಲಿನಲ್ಲಿ ಮನೆಯ ಒಡತಿ ಬರೆದುಕೊಟ್ಟ ಟಿಪ್ಪಣಿ ಇತ್ತು: ಚರ್ಚು ದಾಟಿ, ಕೆಂಪು ಮನೆ ಸಿಕ್ಕಿದ ಕೂಡಲೇ ಎಡಕ್ಕೆ. ಅದನ್ನೇ ಹೇಳಿದೆ. ಬಾಸು ಪಕ್ಕದಲ್ಲೇ ಇದ್ದರು, ಸ್ವಲ್ಪ ಅನುಭವಸ್ಥಳಂತೆ ಕಾಣಲಿ ಎಂದು, "ಆ ಕೆಂಪು ಮನೆ ನಿಮ್ಮ ಕಣ್ಣಿಗೆ ಬೀಳದೆ ಇರೋಕೆ ಸಾಧ್ಯವೇ ಇಲ್ಲ. ನಾನಂತೂ ಮರೆಯೋಲ್ಲ" ಎಂದು ಸೇರಿಸಿದೆ.

ಆ ಶನಿವಾರ ಮಧ್ಯಾಹ್ನ ಅವರಿಂದ ಫೋನು ಬಂತು.

"ತೊಂದರೆ ಕೊಡ್ತಿರೋದಕ್ಕೆ ಕ್ಷಮಿಸಬೇಕು. ನಾವೀಗ ಹದಿನೇಳನೇ ಕೆಂಪು ಮನೆ ಮುಂದೆ ನಿಂತಿದ್ದೇವೆ. ಇಲ್ಲಿ ಎಲ್ಲಾ ಮನೆಗಳೂ ಕೆಂಪೇ. ದನದ ಕೊಟ್ಟಿಗೆಗಳೂ ಕೆಂಪು. ನೀವು ಹೇಳಿದ್ದು ಯಾವ ಕೆಂಪು?"

ಡಾಲಾರ್ನಾದಲ್ಲಿ ಗಣಿಯ ಕೆಂಪು ಮಣ್ಣಿನ ಬಣ್ಣವನ್ನು ಕಂಡ ಕಂಡ ಗೋಡೆಗೆಲ್ಲಾ ಬಳಿಯುತ್ತಾರೆ ಎಂದು ನಾನು ಓದಿದ್ದೆ. ಓದಿದ್ದೆ, ಅಷ್ಟೆ. ಆ ಓದನ್ನೂ ಈ ದಾರಿಯನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಹೊಳೆದಿರಲಿಲ್ಲ. ಆಗಲಾದರೂ ಗೊತ್ತಿಲ್ಲ ಅನ್ನಬಹುದಿತ್ತು.

"ಕಡು ಕೆಂಪು" ಎಂದೆ.

ದಾರಿ ಕೇಳಲು ಹೋದ ಮೂರು ಮನೆಗಳಲ್ಲಿ ಅವರನ್ನು ಒಳಗೆ ಕರೆದು ಕಾಫಿ ಕೊಟ್ಟರಂತೆ. ಸಂಜೆ ಮನೆ ಸಿಕ್ಕಿತು. ವಾಪಸ್ಸು ಬಂದ ಮೇಲೆ ಆ ಪುಣ್ಯಾತ್ಮರು ನನಗೊಂದು ಕಾರ್ಡು ಕಳಿಸಿದರು: 'ನೀವು ನೇರವಾದ ದಾರಿ ಹೇಳಿದ್ದರೆ ನಮಗೆ ಊರಿನವರ ಪರಿಚಯವೇ ಆಗುತ್ತಿರಲಿಲ್ಲ. ನಿಮ್ಮ ಜಾಣ್ಮೆಗೆ ಧನ್ಯವಾದಗಳು.' ಬಾಸು ಅದನ್ನು ನೋಟೀಸ್ ಬೋರ್ಡಿಗೆ ಚುಚ್ಚಿದರು. ಅದು ಈಗಲೂ ಅಲ್ಲೇ ಇದೆ, ನಾನು ಆ ಕಡೆ ನೋಡುವುದಿಲ್ಲ.

೩. ಸಾಲಾಗಿ ಬೆಳೆದ ಹಣ್ಣು

ಲೀಡ್ಸಿನಲ್ಲೇ ಎಂ.ಎಸ್ಸಿ. ಓದುತ್ತಿದ್ದ ಧಾರವಾಡದ ಹುಡುಗನೊಬ್ಬ ಫೋನು ಮಾಡಿದ್ದ. ಅವನಿಗೆ ಮನೆಗಿನೆ ಬೇಡ, ಟೆಂಟು ಹಾಕುವ ಯೋಚನೆ.

"ಅಕ್ಕಾರ, ಅಲ್ಲಿ ಮಂದಿ ಕಾಡಿನ್ಯಾಗ ಟೆಂಟ್ ಹಾಕಿದ್ರ ಯಾರೂ ಬೈಯಂಗಿಲ್ಲೇನ್ರಿ?"

ಸ್ವೀಡನ್ನಿನಲ್ಲಿ ಅದಕ್ಕೊಂದು ಹಕ್ಕೇ ಇದೆ. ಕಾಡು ಯಾರದ್ದೇ ಆಗಿರಲಿ, ಯಾರು ಬೇಕಾದರೂ ನಡೆದಾಡಬಹುದು, ಮನೆಗಳಿಂದ ದೂರದಲ್ಲಿ ಒಂದೆರಡು ರಾತ್ರಿ ಟೆಂಟು ಹಾಕಬಹುದು, ಕಾಡಿನ ಹಣ್ಣು ಕಿತ್ತುಕೊಳ್ಳಬಹುದು. ಕನ್ನಡದ ಹುಡುಗ ಎನ್ನುವ ಹುಮ್ಮಸ್ಸಿನಲ್ಲಿ ಅರ್ಧ ಗಂಟೆ ಭಾಷಣ ಮಾಡಿದೆ. "ಹಣ್ಣು ಕಿತ್ಕೊಂಡು ತಿನ್ನು, ಯಾರ ಅಪ್ಪಣೆನೂ ಬೇಡ. ಅದು ಅಲ್ಲಿನ ಹಕ್ಕು" ಎಂದೆ. ಕಾಡಿನ ಹಣ್ಣು ಅಂತ ಬಿಡಿಸಿ ಹೇಳಲಿಲ್ಲ.

ಜುಲೈ ತಿಂಗಳಲ್ಲಿ ಅವನ ಫೋನು.

"ಅಕ್ಕಾರ, ನೀವು ಅಂದಂಗ ಹಣ್ಣು ಭಾಳ ಅದಾವ್ರೀ. ಸ್ಟ್ರಾಬೆರಿ. ಎಷ್ಟ್ ಚಂದ ಸಾಲಾಗಿ ಬೆಳದಾವಂದ್ರ, ಮ್ಯಾಲ ಬಲೆ ಬ್ಯಾರೆ ಹಾಸ್ಯಾರ. ಆದ್ರ ಒಬ್ರು ಅಜ್ಜಿ ಬಂದು ನನ್ನ ಮುಂದ ನಿಂತು ಏನೋ ಕೇಳಾಕತ್ಯಾರ. ಆ ಹಕ್ಕು ಐತಲ್ಲ, ಅದನ್ನ ನೀವ ಅವರಿಗೆ ಒಂದೀಟು ಹೇಳ್ರಿ."

ನಾನು ಬೇಡ ಬೇಡ ಅನ್ನುವುದರೊಳಗೆ ಫೋನು ಅಜ್ಜಿಯ ಕೈಗೆ ಹೋಗಿತ್ತು. ಅವರು ನಿಧಾನವಾದ ಇಂಗ್ಲಿಷಿನಲ್ಲಿ, "ಈ ಹುಡುಗನಿಗೆ ಕಾನೂನು ಹೇಳಿಕೊಟ್ಟವರು ನೀವಾ?" ಎಂದು ಕೇಳಿದರು.

ನಾನು ಫೋನು ಕೆಳಗಿಟ್ಟೆ. ಹಾಗೆ ಇಡಬಾರದಿತ್ತು. ಆಮೇಲೆ ಆ ಹುಡುಗ ಹೇಳಿದ, ಅಜ್ಜಿ ಒಂದು ಮಾತೂ ಬೈಯದೆ, ಬುಟ್ಟಿ ಕೊಟ್ಟು, ಸಂಜೆವರೆಗೂ ಅವನ ಕೈಯಲ್ಲಿ ಇಡೀ ತೋಟದ ಹಣ್ಣು ಬಿಡಿಸಿಕೊಂಡರಂತೆ.

೪. ಚಂದ್ರ ಸ್ವಲ್ಪ ದೂರ

ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನಲ್ಲಿ ಒಬ್ಬರು ಬೆಂಗಳೂರಿನ ಮಹಿಳೆ ಇದ್ದಾರೆ. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್. ನಮಗೆ ಟಿವಿಡೇಲ್ ಬಾಲಾಜಿ ದೇವಸ್ಥಾನದಲ್ಲಿ ಪರಿಚಯ. ಜೂನ್ ತಿಂಗಳಿಗೆ ಮನೆ ಬುಕ್ ಮಾಡಿ, ಆಮೇಲೆ ಕೇಳಿದರು:

"ರೀ, ಆ ವಾರದಲ್ಲೇ ಸಂಕಷ್ಟಿ ಬರುತ್ತೆ. ನಮ್ಮತ್ತೆ ಚಂದ್ರನ್ನ ನೋಡ್ದೆ ಊಟ ಮಾಡಲ್ಲ. ಅಲ್ಲಿ ಚಂದ್ರೋದಯ ಎಷ್ಟು ಗಂಟೆಗೆ?"

ಇಂಗ್ಲಿಷ್ ಗಿರಾಕಿಗಳು ಕರಡಿ ಕೇಳುತ್ತಾರೆ, ಸೊಳ್ಳೆ ಕೇಳುತ್ತಾರೆ. ಚಂದ್ರನನ್ನು ಕೇಳಿದವರು ಇವರೇ ಮೊದಲು. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿದ್ದ ಇಲ್ಲಿನ ಸಮಯಕ್ಕೆ, ಸ್ವೀಡನ್ನಿನ ಗಡಿಯಾರ ಮುಂದಿದೆಯೆಂದು ಒಂದು ಗಂಟೆ ಸೇರಿಸಿ, "ರಾತ್ರಿ ಒಂದು ಗಂಟೆ ಸುಮಾರಿಗೆ ಬಂದೇ ಬರ್ತಾನೆ. ಸರೋವರದ ಮೇಲೆ ಎಷ್ಟು ಚೆನ್ನಾಗಿ ಕಾಣ್ತಾನೆ ಗೊತ್ತಾ" ಎಂದು ಹೇಳಿ, ನಮ್ಮವರೆಂದು ಸ್ವಂತ ಮೊಬೈಲ್ ನಂಬರನ್ನೂ ಕೊಟ್ಟೆ.

ಸಂಕಷ್ಟಿಯ ದಿನ ಅವರಿಗೆ ರಾತ್ರಿ ಒಂದೂವರೆ ಆಗಿದ್ದಾಗ ನನ್ನ ಹಾಸಿಗೆಯ ಪಕ್ಕದಲ್ಲಿ ಮೊಬೈಲ್ ಬಡಿದುಕೊಂಡಿತು.

"ರೀ, ಇಲ್ಲಿ ಇನ್ನೂ ಕತ್ತಲೇ ಆಗಿಲ್ಲ. ಅತ್ತೆ ಬೆಳಿಗ್ಗೆಯಿಂದ ಒಂದು ಲೋಟ ಹಾಲಲ್ಲಿದ್ದಾರೆ. ಚಂದ್ರ ಎಲ್ಲಿ?"

"ಮರಗಳ ಮೇಲೆ ನೋಡಿ."

"ಮರ ಬಿಟ್ರೆ ಇಲ್ಲಿ ಇನ್ನೇನೂ ಇಲ್ಲ ಕಣ್ರೀ."

ಹಿಂದಿನಿಂದ ಅತ್ತೆಯವರ ಧ್ವನಿ ಸ್ಪಷ್ಟವಾಗಿ ಕೇಳಿಸಿತು. "ಆ ಹುಡುಗಿನೇ ಕೇಳು, ಯಾವ ಮರ ಅಂತ. ಅವಳು ಇಲ್ಲೇ ಇದ್ದು ನೋಡಿದವಳಂತಲ್ಲ."

ಆ ಮಾತು ಕೇಳಿ ನನಗೆ ನಿದ್ದೆ ಹಾರಿಹೋಯಿತು. ಬೇಸಿಗೆಯಲ್ಲಿ ಆ ಕಡೆ ಚಂದ್ರ ದಿಗಂತದಿಂದ ಹೆಚ್ಚು ಮೇಲೆ ಏರುವುದೇ ಇಲ್ಲ, ಪೈನ್ ಮರಗಳ ಹಿಂದೆಯೇ ಹೀಗೆ ಬಂದು ಹಾಗೆ ಹೋಗುತ್ತಾನೆ ಎಂದು ನಾನು ಓದಿಕೊಂಡದ್ದು ಆಮೇಲೆ. ಕೊನೆಗೆ ಅವರು ಹಿರಿಯರಿಗೆ ಲೈಫ್ ಜಾಕೆಟ್ ತೊಡಿಸಿ, ದೋಣಿಯಲ್ಲಿ ಕೂರಿಸಿಕೊಂಡು ಸರೋವರದ ನಡುಮಧ್ಯಕ್ಕೆ ಹೋದರಂತೆ. ಎರಡೂವರೆಗೆ ಎರಡು ಮರಗಳ ಸಂದಿಯಲ್ಲಿ ಚಂದ್ರ ಸಿಕ್ಕ. ಅತ್ತೆಯವರು ದೋಣಿಯಲ್ಲೇ ಕೈಮುಗಿದು, ಡಬ್ಬಿ ತೆಗೆದು ಉಪ್ಪಿಟ್ಟು ತಿಂದರು.

ಊರಿಗೆ ಬಂದು ಅವರು ನಮ್ಮ ಕಂಪನಿಗೆ ಬರೆದ ಅಭಿಪ್ರಾಯವನ್ನು ಬಾಸು ಎರಡು ಸಲ ಓದಿ ನನ್ನ ಟೇಬಲ್ಲಿಗೆ ತಂದರು. 'ಮನೆ ಸ್ವಚ್ಛವಾಗಿತ್ತು. ಚಂದ್ರ ಚೆನ್ನಾಗಿದ್ದ, ಆದರೆ ಮನೆಗೆ ಸ್ವಲ್ಪ ದೂರ.'

೫. ಇನ್ನೊಂದು ಸಲ ಹೋಗಿ ಬನ್ನಿ

ಹೀಗೆ ನಾಲ್ಕು ವರ್ಷ ಕಳೆದವು. ಕಳೆದ ಬೇಸಿಗೆಯ ಶುರುವಿನಲ್ಲಿ ಬಾಸು ನನ್ನನ್ನು ಕರೆದು, "ನಿಮ್ಮ ಮೆಚ್ಚಿನ ಜಾಗಕ್ಕೆ ಇನ್ನೊಂದು ಸಲ ಹೋಗಿ ಬನ್ನಿ. ಮನೆ ಕಂಪನಿಯ ಕಡೆಯಿಂದ" ಎಂದರು. 'ಇನ್ನೊಂದು ಸಲ' ಅನ್ನುವಾಗ ಎಷ್ಟು ಪ್ರೀತಿಯಿಂದ ನಕ್ಕರೆಂದರೆ, ನಿಜ ಹೇಳಿಬಿಡೋಣ ಎಂದು ಬಾಯಿಯವರೆಗೆ ಬಂತು. "ಥ್ಯಾಂಕ್ಯೂ" ಎಂದೆ.

ಮೈಸೂರಿನಿಂದ ಅತ್ತೆ ಬಂದಿದ್ದರು. ಮಗಳಿಗೆ ಪರೀಕ್ಷೆ, ಅವಳು ಗೆಳತಿಯ ಮನೆಯಲ್ಲಿ ಉಳಿದಳು. ನಾವು ಮೂವರು, ಮೇಷ್ಟ್ರು ಹಿಂದೆ ಇಳಿದುಕೊಂಡಿದ್ದ ಆ ಮನೆಗೇ ಹೊರಟೆವು. ಚರ್ಚು ದಾಟಿದ ಕೂಡಲೇ ಯಜಮಾನರು ಕಾರು ನಿಲ್ಲಿಸಿ, ಸುತ್ತ ಇದ್ದ ಕೆಂಪು ಮನೆಗಳನ್ನು ಒಂದೊಂದಾಗಿ ನೋಡಿ, "ಮೇಡಂ, ಕಡು ಕೆಂಪು ಯಾವುದು ತೋರಿಸ್ತೀರಾ?" ಎಂದರು. ನನಗೆ ಅಳು ಬಂತು.

ಮನೆ ಚೆನ್ನಾಗಿತ್ತು. ಕಾಡು ನಾನು ಫೋನಿನಲ್ಲಿ ಹೇಳುತ್ತಿದ್ದುದಕ್ಕಿಂತ ಚೆನ್ನಾಗಿತ್ತು. ಮೊದಲ ದಿನ ನಾನು ಬರೇ ಸುಮ್ಮನೆ ನಿಂತು ನೋಡಿದೆ. ಅಷ್ಟೊಂದು ಸಲ ವರ್ಣಿಸಿದ ಮೇಲೆ ನಿಜವಾಗಿ ಕಂಡರೆ ಕಾಡಿನ ಎದುರು ಕೂಡ ನಾಚಿಕೆಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಇಂಥ ಮನೆಗಳಲ್ಲಿ ಎರಡು ಕಟ್ಟಳೆ. ಎರಡನ್ನೂ ನಾಲ್ಕು ವರ್ಷದಿಂದ ದಪ್ಪ ಅಕ್ಷರದಲ್ಲಿ ಟೈಪು ಮಾಡಿದವಳು ನಾನೇ. ಒಂದು, ಹೊರಡುವ ದಿನ ಮನೆಯನ್ನು ನೀವೇ ಶುಚಿ ಮಾಡಿ ಹೋಗಬೇಕು. ಎರಡು, ಅಂಗಳದ ಮೂಲೆಯಲ್ಲಿರುವ ಕಕ್ಕಸು ಒಣ ಕಕ್ಕಸು. ಕೆಳಗೆ ಒಂದು ಡ್ರಮ್ಮು ಇರುತ್ತದೆ. ಕೆಲಸ ಮುಗಿದ ಮೇಲೆ ಒಂದು ಸೌಟು ಮರದ ಹೊಟ್ಟು ಉದುರಿಸಬೇಕು. ಒಂದು ತೊಟ್ಟು ನೀರೂ ಹಾಕಕೂಡದು. ನೀರು ಬಿದ್ದರೆ ಅದು ಗೊಬ್ಬರವಾಗುವುದು ನಿಂತು, ಕೊಳೆತು, ತುಂಬಿ, ದೇವರೇ ಗತಿ.

ಅತ್ತೆಗೆ ಬಿಡಿಸಿ ಹೇಳಿದೆ. "ನೀರಿಲ್ಲದ್ದು ಅದೆಂಥ ಕಕ್ಕಸೇ?" ಎಂದು ಮೂಗು ಮುರಿದರೂ, ನಾಲ್ಕು ದಿನ ನನ್ನ ಮಾತು ನಡೆಸಿದರು. ಬೇಕಾದ ನೀರಿನ ಏರ್ಪಾಡನ್ನು ಬೇರೆಯೇ ಮಾಡಿಕೊಟ್ಟಿದ್ದೆ.

ಹೊರಡುವ ಬೆಳಿಗ್ಗೆ ನಾನು ಅಡುಗೆಮನೆ ಒರೆಸುತ್ತಿದ್ದೆ. ಅತ್ತೆ ಬಂದು, ಎತ್ತಿಕಟ್ಟಿದ್ದ ಸೀರೆಯ ನೆರಿಗೆ ಇಳಿಬಿಡುತ್ತಾ, ಹೆಮ್ಮೆಯಿಂದ ಹೇಳಿದರು:

"ಕಕ್ಕಸನ್ನ ತೊಳೆದಿಟ್ಟೆ ಕಣೇ. ಹೋಗೋವಾಗ ಶುಚಿ ಮಾಡಿ ಹೋಗ್ಬೇಕು ಅಂದ್ಯಲ್ಲ. ಇಷ್ಟು ದಿನ ಹಾಕಬಾರದು ಅಂದೆ, ಹಾಕಲಿಲ್ಲ. ಇವತ್ತು ಎಂಟು ಬಕೆಟ್ ಕೆರೆ ನೀರು ಹುಯ್ದು ಪೊರಕೆ ಹಾಕಿ ಉಜ್ಜಿದೀನಿ. ಪಾಪ, ಆ ಜಾಗ ಹುಟ್ಟಿದಾಗಿನಿಂದ ನೀರು ಕಂಡಿಲ್ಲ."

ಎಪ್ಪತ್ತೆರಡು ವರ್ಷದ ಹೆಂಗಸು, ಇನ್ನೊಬ್ಬರ ಮನೆ ಚೊಕ್ಕವಾಗಿರಲಿ ಎಂದು ಎಂಟು ಸಲ ಸರೋವರದ ದಡ ಹತ್ತಿ ಇಳಿದಿದ್ದಾರೆ. ಏನೆನ್ನಲಿ? ವಿಮಾನಕ್ಕೆ ಹೊತ್ತಾಗುತ್ತಿತ್ತು. ನಾನು ಹೋಗಿ ನೋಡಿ, ಇದ್ದ ಮರದ ಹೊಟ್ಟನ್ನೆಲ್ಲಾ ಮೇಲೆ ಸುರಿದು, ಒಣಗಿದಂತೆ ಕಾಣುವ ಹಾಗೆ ಮಾಡಿ, ಬಾಗಿಲು ಹಾಕಿಕೊಂಡು ಬಂದೆ. ಅತ್ತೆಯದು ತಪ್ಪು ತಿಳಿವಳಿಕೆ. ನಾನು ಮಾಡಿದ್ದು ಕಳ್ಳತನ.

ಮೇಜಿನ ಮೇಲೆ ಅತಿಥಿಗಳು ನಾಲ್ಕು ಮಾತು ಬರೆಯುವ ಪುಸ್ತಕ ಇತ್ತು. ಇಂಗ್ಲಿಷಿನಲ್ಲಿ ತಪ್ಪೊಪ್ಪಿಕೊಳ್ಳುವ ಧೈರ್ಯ ಇರಲಿಲ್ಲ. ಒಪ್ಪಿಕೊಳ್ಳದೆ ಹೊರಡಲು ಮನಸ್ಸು ಒಪ್ಪಲಿಲ್ಲ. ನಾವು ಈ ದೇಶದಲ್ಲಿ ಟ್ರಾಮಿನಲ್ಲಿ, ಲಿಫ್ಟಿನಲ್ಲಿ, ಡಾಕ್ಟರ ಮುಂದೆ, ಯಾರಿಗೂ ಕೇಳಬಾರದ್ದನ್ನೆಲ್ಲಾ ಕನ್ನಡದಲ್ಲಿ ಮಾತಾಡಿಕೊಳ್ಳುತ್ತೇವಲ್ಲ, ಅದೇ ಅಭ್ಯಾಸದ ಬಲದಿಂದ ಒಂದು ಪುಟ ದುಂಡಗೆ ಕನ್ನಡದಲ್ಲಿ ಬರೆದೆ: 'ಫೋನಿನಲ್ಲಿ ಮಾಹಿತಿ ಹೇಳುವವಳು ನಾನೇ. ಇಲ್ಲಿಗೆ ಬಂದದ್ದು ಇದೇ ಮೊದಲು. ನಾಲ್ಕು ವರ್ಷ ಹೇಳಿದ್ದೆಲ್ಲಾ ಓದಿ ಹೇಳಿದ್ದು. ಕಕ್ಕಸಿಗೆ ಎಂಟು ಬಕೆಟ್ ನೀರು ಹಾಕಿದವರು ನಮ್ಮತ್ತೆ. ಹೊಟ್ಟು ಸುರಿದು ಮುಚ್ಚಿದವಳು ನಾನು. ದಯವಿಟ್ಟು ಕ್ಷಮಿಸಿ.'

ಎದೆ ಹಗುರಾಯಿತು. ದಾರಿಯಲ್ಲಿ ಹಾಡು ಬೇರೆ ಹೇಳಿಕೊಂಡು ಬಂದೆ.

೬. ಒಂದು ಗಟ್ಟಿಯಾದ ಪತ್ರ

ನಾವು ಬಿಟ್ಟ ಮಾರನೇ ದಿನ ಆ ಮನೆಗೆ ಹೋದವರು ಬೇರೆ ಯಾರೂ ಅಲ್ಲ, ಲೀಡ್ಸಿನ ಮೇಷ್ಟ್ರು ದಂಪತಿ. ಅವರಿದ್ದದ್ದು ಒಂದು ವಾರ. ಅವರು ಹೊರಟ ಮೇಲೆ ಒಡತಿ ಬಂದು ಕಕ್ಕಸಿನ ಬಾಗಿಲು ತೆಗೆದರೆ, ಡ್ರಮ್ಮು ತುಂಬಿ ಅಂಗಳಕ್ಕೆ ಬಂದಿತ್ತು. ಆಕೆ ಬಾಸಿಗೆ ಫೋನು ಮಾಡಿ ಅರ್ಧ ಗಂಟೆ ಸ್ವೀಡಿಷ್ ಭಾಷೆಯಲ್ಲೂ ಅರ್ಧ ಗಂಟೆ ಇಂಗ್ಲಿಷಿನಲ್ಲೂ ತಮ್ಮ ದುಃಖ ತೋಡಿಕೊಂಡರು.

ಬಾಸು ಎಂದೂ ಸಿಟ್ಟು ಮಾಡದವರು, ಅವತ್ತು ಮಾಡಿದರು. "ಲೀಡ್ಸಿನವರಿಗೆ ಒಂದು ಗಟ್ಟಿಯಾದ ಪತ್ರ ಬರೀರಿ. ನಿಮ್ಮ ಭಾಷೆ ಚೆನ್ನಾಗಿದೆ, ನೀವೇ ಬರೀರಿ" ಎಂದರು.

ಬರೆದೆ. ಇದನ್ನು ಹೇಳಿಕೊಳ್ಳಲು ಈಗಲೂ ಕತ್ತು ಬಗ್ಗುತ್ತದೆ. ನಿಯಮಗಳನ್ನು ಓದಿಯೂ ನೀರು ಹಾಕಿದ್ದು ವಿಷಾದನೀಯ ಅಂತ ನನ್ನ ಈ ಕೈಯಿಂದಲೇ ಟೈಪು ಮಾಡಿ, ಕವರಿಗೆ ಅಂಟು ಹಚ್ಚಿದೆ.

ಅವರು ಜಗಳಕ್ಕೆ ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೇಷ್ಟ್ರ ಉತ್ತರ ನಾಲ್ಕೇ ಸಾಲು. 'ನಿಮ್ಮ ಪತ್ರ ಓದಿ ನಾಚಿಕೆಯಾಯಿತು. ನೀರು ಹಾಕಿದ ನೆನಪು ನನಗಿಲ್ಲ. ಆದರೆ ಈಚೆಗೆ ನನಗೆ ಮರೆವು ಹೆಚ್ಚಾಗಿದೆ ಎಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ, ಆದ್ದರಿಂದ ನಾನೇ ಹಾಕಿರಬೇಕು. ಕ್ಷಮಿಸಿ.'

ಅದನ್ನು ಬಾಸಿಗೆ ಓದಿ ಹೇಳಿದೆ. "ಪಾಪ, ಜಂಟಲ್‌ಮನ್. ಒಪ್ಪಿಕೊಂಡರಲ್ಲ, ಎಷ್ಟು ಜನ ಒಪ್ಪಿಕೊಳ್ತಾರೆ?" ಎಂದು ನನ್ನನ್ನೇ ಕೇಳಿದರು.

೭. ಅತಿಥಿಗಳು ಏನನ್ನುತ್ತಾರೆ

ಅಕ್ಟೋಬರಿನಲ್ಲಿ ಒಡತಿ ಚಳಿಗಾಲಕ್ಕೆ ಮನೆ ಮುಚ್ಚಲು ಹೋದಾಗ ಆ ಪುಸ್ತಕ ತಿರುವಿದ್ದಾರೆ. ಜಿಲೇಬಿ ಸುತ್ತಿದ ಹಾಗಿದ್ದ ಅಕ್ಷರ ಕಣ್ಣಿಗೆ ಬಿದ್ದಿದೆ. ಎಷ್ಟು ಚಂದದ ಬರವಣಿಗೆ ಎಂದು ಫೋಟೋ ತೆಗೆದು ಬಾಸಿಗೆ ಕಳಿಸಿದ್ದಾರೆ. ಬಾಸು ಫೋಟೋ ಹಿಡಿದುಕೊಂಡು ಬಂದರು.

"ಇದು ನೀವು ಬರೆದದ್ದಾ? ಏನು ಬರೆದಿದ್ದೀರಿ?"

"ಪ್ರಕೃತಿ ಬಹಳ ಸುಂದರವಾಗಿದೆ ಅಂತ."

"ಇಷ್ಟುದ್ದ?"

"ನಮ್ಮ ಭಾಷೆಯಲ್ಲಿ ಪ್ರಕೃತಿಗೆ ಸ್ವಲ್ಪ ಜಾಗ ಹಿಡಿಯುತ್ತೆ."

ಮಾರನೇ ದಿನ ಬೆಳಿಗ್ಗೆ ನಮ್ಮ ವೆಬ್‌ಸೈಟಿನ ಮೊದಲ ಪುಟದಲ್ಲಿ, ಸರೋವರದ ಚಿತ್ರದ ಕೆಳಗೆ, 'ನಮ್ಮ ಅತಿಥಿಗಳು ಏನನ್ನುತ್ತಾರೆ' ಎಂಬ ತಲೆಬರಹದಡಿ ನನ್ನ ತಪ್ಪೊಪ್ಪಿಗೆ ಪ್ರಕಟವಾಗಿತ್ತು. ಒಂದೊಂದು ಅಕ್ಷರವೂ ಸ್ಪಷ್ಟ. ನನ್ನ ಕೈಬರಹ ಮೊದಲಿನಿಂದಲೂ ಚೆನ್ನಾಗಿದೆ.

ತೆಗೆಯಿರಿ ಎಂದು ಯಾವ ಬಾಯಲ್ಲಿ ಹೇಳಲಿ? ಇಂಗ್ಲಿಷಿನವರ ವೆಬ್‌ಸೈಟನ್ನು ಕನ್ನಡದವರು ಯಾರು ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಆ ಭಾನುವಾರ ಟಿವಿಡೇಲ್ ದೇವಸ್ಥಾನಕ್ಕೆ ಹೋದೆವು. ಪ್ರಸಾದದ ಸಾಲಿನಲ್ಲಿ ನಿಂತಿದ್ದೇನೆ, ಮುಂದೆ ಇದ್ದ ಸೊಲಿಹಲ್‌ನವರು ಹಿಂತಿರುಗಿ ನೋಡಿದರು. ಪುಳಿಯೋಗರೆಯ ದೊನ್ನೆ ಕೈಯಲ್ಲಿ ಹಿಡಿದು, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಇಡೀ ಸಾಲಿಗೆ ಕೇಳುವ ಹಾಗೆ ಒಂದೇ ಮಾತು ಕೇಳಿದರು.

"ಎಂಟು ಬಕೆಟ್ಟಾ?"

೮. ಹಾಕಿದವರು ಯಾರು

ಆಮೇಲೆ ಆ ಪುಟ ಓದಿದ ಕನ್ನಡದವರ ಫೋನುಗಳು ಶುರುವಾದವು. ನಾನು ಊಟಕ್ಕೆ ಹೋದಾಗಲೆಲ್ಲಾ ಬಾಸೇ ಎತ್ತುತ್ತಿದ್ದರು. ಒಂದು ದಿನ ತಲೆ ಕೆರೆದುಕೊಳ್ಳುತ್ತಾ ಬಂದು, "ಇಂಡಿಯಾದವರ ಬುಕಿಂಗ್ ಜಾಸ್ತಿಯಾಗಿದೆ. ಆದರೆ ಎಲ್ಲರೂ 'ಹೋಗದೇ ಇದ್ದ ಮೇಡಂ ಇದ್ದಾರ' ಅಂತ ಕೇಳ್ತಾರೆ. ಅದು ಯಾರು?" ಎಂದರು.

ಇನ್ನೂ ಒಂದು ಸುಳ್ಳು ಹೊಸೆಯಬಹುದಿತ್ತು, ನಾಲಿಗೆಯ ತುದಿಯಲ್ಲಿ ಇತ್ತು ಕೂಡ. ಅಷ್ಟರಲ್ಲಿ ಮೇಷ್ಟ್ರ ನಾಲ್ಕು ಸಾಲು ನೆನಪಾಯಿತು. ಅವರ ಪಾಡಿಗೆ ಇದ್ದ ಮನುಷ್ಯ, ನನ್ನಿಂದ ಅವರ ತಲೆಯ ಮೇಲೆ ಅವರಿಗೇ ಅನುಮಾನ. ಕುರ್ಚಿಯಿಂದ ಎದ್ದು ನಿಂತು, ವೆಬ್‌ಸೈಟಿನ ಆ ಪುಟವನ್ನು ತೆರೆದು, ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಹೇಳಿದೆ. ಕೆಲಸ ಹೋಯಿತು ಅಂತಲೇ ಲೆಕ್ಕ.

ಕೆಳಗಿನ ಅಂಗಡಿಯಲ್ಲಿ ಟೈರು ಬಿಚ್ಚುವ ಸದ್ದು ಕೇಳುತ್ತಿತ್ತು. ಬಾಸು ನೋಟೀಸ್ ಬೋರ್ಡಿನ ಕಡೆ ತಿರುಗಿ, "ಹಾಗಾದರೆ ಆ ಕೆಂಪು ಮನೆ?" ಎಂದರು.

"ಅದೂ ನಾನೇ."

"ಮೊದಲು ಲೀಡ್ಸಿಗೆ ಫೋನು ಮಾಡಿ" ಎಂದರು. "ನಿಮ್ಮ ವಿಷಯ ಅವರು ಏನು ಹೇಳ್ತಾರೋ ಅದರ ಮೇಲೆ."

ಮಾಡಿದೆ. ಮೇಷ್ಟ್ರೇ ಎತ್ತಿದರು. ನಾನು ಅಳುತ್ತಲೇ ಎಲ್ಲವನ್ನೂ ಹೇಳಿದೆ: ಅತ್ತೆ, ಬಕೆಟ್ಟು, ಹೊಟ್ಟು, ಆ ಪತ್ರ ಟೈಪು ಮಾಡಿದ ಕೈ ಯಾರದ್ದು ಅನ್ನುವುದನ್ನೂ. ಆ ಕಡೆ ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದು, ದೂರದಿಂದ ಕೂಗು.

"ಕೇಳಿದೆಯೇನೇ! ನಾನಲ್ಲವಂತೆ! ಮೈಸೂರಿನ ಒಬ್ಬರು ಮಹಿಳೆಯಂತೆ!"

ವಾಪಸ್ಸು ಬಂದು ಏದುಸಿರು ಬಿಡುತ್ತಾ ಹೇಳಿದರು. ಆ ಪತ್ರ ಬಂದ ಮೇಲೆ ಹೆಂಡತಿ ಅವರನ್ನು ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಜಿಪಿ ಇವತ್ತು ಯಾವ ವಾರ, ಪ್ರಧಾನಮಂತ್ರಿ ಯಾರು ಅಂತೆಲ್ಲಾ ಕೇಳಿ, ಎಲ್ಲದಕ್ಕೂ ಸರಿಯಾದ ಉತ್ತರ ಬಂದ ಮೇಲೂ, ಹೆಂಡತಿ "ಹಾಗಿದ್ದರೆ ಕಕ್ಕಸಿಗೆ ನೀರು ಹಾಕಿದ್ದು ಯಾಕೆ ಮರೆತರು?" ಎಂದು ಪಟ್ಟು ಹಿಡಿದಿದ್ದರಂತೆ. ಅಂದಿನಿಂದ ಮನೆಯ ಕಾರಿನ ಕೀ ಹೆಂಡತಿಯ ಕೈಯಲ್ಲಿ.

"ಸರ್, ನಾನೇನು ಮಾಡಲಿ ಹೇಳಿ" ಎಂದೆ.

"ಇನ್ನೊಂದು ಪತ್ರ ಬರೀರಿ. ಅದೇ ಲೆಟರ್‌ಹೆಡ್ಡಿನಲ್ಲಿ, ಅಷ್ಟೇ ಗಟ್ಟಿಯಾಗಿ. ನನಗಲ್ಲ, ನನ್ನ ಹೆಂಡತಿಗೆ. ಬಕೆಟ್ಟಿನ ಸಂಖ್ಯೆ ತಪ್ಪದೆ ಹಾಕಿ, ಅವಳಿಗೆ ವಿವರ ಬೇಕು."

ಬರೆದೆ. 'ನಿಮ್ಮ ಪತಿಯವರು ಕಕ್ಕಸಿಗೆ ನೀರು ಹಾಕಲಿಲ್ಲ. ಅವರ ನೆನಪು ಸರಿಯಾಗಿದೆ. ಎಂಟು ಬಕೆಟ್ ನೀರು ಹಾಕಿದವರು ನನ್ನ ಅತ್ತೆ. ಮುಚ್ಚಿಟ್ಟು, ನಿಮ್ಮ ಪತಿಯ ಮೇಲೆ ಅಪವಾದ ಬರಲು ಬಿಟ್ಟವಳು ನಾನು.' ಸಹಿ ಹಾಕಿದೆ. ಬಾಸು ಓದಿ, ತಾವೂ ಪಕ್ಕದಲ್ಲಿ ಸಹಿ ಹಾಕಿದರು. ಒಂದು ವಾರಕ್ಕೆ ಮೇಷ್ಟ್ರ ಫೋನು ಬಂತು: ಕಾರಿನ ಕೀ ವಾಪಸ್ಸು ಬಂದಿದೆ, ಮುಂದಿನ ಜೂನ್‌ಗೆ ಅದೇ ಮನೆ ಬೇಕು, ದಾರಿ ಮಾತ್ರ ನಾನು ಹೇಳಕೂಡದು. ಪತ್ರಕ್ಕೆ ಫ್ರೇಮು ಹಾಕಿಸಿ ತೂಗುಹಾಕಿದ್ದಾರಂತೆ. ಎಲ್ಲಿ ಅಂತ ನಾನು ಕೇಳಲಿಲ್ಲ, ಅವರೇ ಹೇಳಿದರು. ಟಾಯ್ಲೆಟ್ಟಿನಲ್ಲಿ, ಕೂತವರ ಕಣ್ಣಿಗೆ ಸರಿಯಾಗಿ.

ಕೆಲಸ ಉಳಿಯಿತು. ಆ ಸಂಜೆ ಸಂತೋಷ ತಡೆಯಲಾರದೆ ಮೈಸೂರಿಗೆ ಫೋನು ಮಾಡಿ, ನಡೆದದ್ದೆಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಅತ್ತೆಗೆ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಹೆದರಿಕೆ ಇತ್ತು. ಅವರು ಹೂಂ ಹೂಂ ಎನ್ನುತ್ತಾ ಪೂರ್ತಿ ಕೇಳಿಸಿಕೊಂಡು, ಆಮೇಲೆ ಕೇಳಿದರು:

"ಎಂಟು ಅಂತ ಬರೆದ್ಯಾ?"

"ಹೌದಲ್ಲ ಅತ್ತೆ, ನೀವೇ ಹೇಳಿದ್ರಲ್ಲ."

"ಅದು ನಿನಗೆ ಹೇಳಿದಾಗಿನ ಲೆಕ್ಕ ಕಣೇ. ನೀನು ಆ ಪುಸ್ತಕದಲ್ಲಿ ಏನೋ ಗೀಚ್ತಾ ಕೂತಿದ್ಯಲ್ಲ, ಆಗ ಹೋಗಿ ನೋಡಿದರೆ ಯಾರೋ ಪುಣ್ಯಾತ್ಮರು ಅದರ ತುಂಬಾ ಮರದ ಹೊಟ್ಟು ಸುರಿದು ಗಲೀಜು ಮಾಡಿದ್ರು. ಇನ್ನೆರಡು ಹುಯ್ದೆ."

ಮಾರನೇ ಬೆಳಿಗ್ಗೆ ಆಫೀಸಿಗೆ ಹೋಗಿ, ಕೋಟು ಕೂಡ ಬಿಚ್ಚದೆ, ಲೆಟರ್‌ಹೆಡ್ ತೆಗೆದುಕೊಂಡು ಲೀಡ್ಸಿಗೆ ಮೂರನೇ ಪತ್ರ ಬರೆದೆ. ಒಂದೇ ಸಾಲು. 'ಹಿಂದಿನ ಪತ್ರದಲ್ಲಿ ಎಂಟು ಎಂದು ಇರುವ ಕಡೆ ದಯವಿಟ್ಟು ಹತ್ತು ಎಂದು ಓದಿಕೊಳ್ಳಬೇಕು.'